ನನ್ನ ಕಾಶಿನಾಥ್, ಅಪ್ಪನ ನರಸಿಂಹರಾಜು

ನಮ್ಮ ಸಂಘದಲ್ಲಿ ಯಾರ ಬೀಳ್ಕೊಡುಗೆ ಇದ್ದರೂ ಕೊನೆಗೆ ಒಬ್ಬರು ಮೈಕ್ ಹಿಡಿದು 'ಸವಿನೆನಪುಗಳು ಬೇಕು' ಹಾಡುತ್ತಾರೆ. ಕಣ್ಣು ಒರೆಸಿಕೊಳ್ಳುವವರೂ ಇರುತ್ತಾರೆ. ಇದೇ ಜನರನ್ನು ಕಳೆದ ಸಮಿತಿ ಸಭೆಯಲ್ಲಿ, "ಈ ಸಲ ಸಿನಿಮಾ ಸಂಜೆಗೆ ಕಾಶಿನಾಥ್ ಚಿತ್ರ ಹಾಕೋಣ್ವಾ?" ಅಂತ ಕೇಳಿದೆ. ಎಲ್ಲರೂ ಕಾಫಿ ಲೋಟ ನೋಡತೊಡಗಿದರು. "ಮಕ್ಕಳು ಮರಿ ಬರ್ತಾರಲ್ವಾ ಸಾರ್" ಅಂದರು ಖಜಾಂಚಿ. ವಾಣಿ ಜಯರಾಂ ಹಾಡಿದ ಆ ಹಾಡು 1978ರ 'ಅಪರಿಚಿತ' ಚಿತ್ರದ್ದು, ಅದರ ನಿರ್ದೇಶಕರು ಇದೇ ಕಾಶಿನಾಥ್ ಅಂದೆ. ಇಬ್ಬರು ನಂಬದೆ ಫೋನ್ ತೆಗೆದು ನೋಡಿದರು.

ನಾನು ತುಮಕೂರಿನವನು. ಅಪ್ಪ ತಿಪಟೂರಿನವರು, ಕೊಬ್ಬರಿ ವ್ಯಾಪಾರ. ಹಾಸ್ಯದ ಮಾತು ಬಂದರೆ ಅವರಿಗೆ ಒಬ್ಬರೇ ದೇವರು, ನರಸಿಂಹರಾಜು. 1923ರಲ್ಲಿ ಹುಟ್ಟಿದ್ದು ತಿಪಟೂರಿನಲ್ಲಿ ತಾನೇ! 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಪಕ್ಕದಲ್ಲೇ ಇದ್ದವರು. ಅಪ್ಪ ಅದನ್ನು ಹೇಳುವ ರೀತಿ ನೋಡಿದರೆ ರಾಜ್‌ಕುಮಾರ್ ಅವರೇ ಪಕ್ಕದಲ್ಲಿದ್ದರು ಅನ್ನಬೇಕು. "ಅದು ಹಾಸ್ಯ ಕಣೋ. ನಿಮ್ಮ ಕಾಶಿನಾಥಂದು ಬರೀ ಪೋಲಿ" ಅನ್ನುತ್ತಿದ್ದರು.

ಪೋಸ್ಟರ್ ನೋಡಿದರೆ ಹಾಗೇ ಅನ್ನಿಸುತ್ತಿತ್ತು ಬಿಡಿ. ಬಿ.ಎಚ್. ರಸ್ತೆಯ ಗೋಡೆಗಳ ಮೇಲೆ ದಪ್ಪನೆಯ 'ಎ' ಅಕ್ಷರ. ಅಮ್ಮ ಜೊತೆಗಿದ್ದರೆ ನಾನು ರಸ್ತೆಯ ಆ ಕಡೆ ನೋಡಿಕೊಂಡು ನಡೆಯುತ್ತಿದ್ದೆ.

ಕುಂದಾಪುರದ ಕಡೆಯಿಂದ ಬಂದ ಈ ಮನುಷ್ಯ ಮೊದಲು ಕ್ಯಾಮೆರಾ ಹಿಂದೆಯೇ ಇದ್ದವರು. 1976ರಲ್ಲಿ 'ಅಪರೂಪದ ಅತಿಥಿಗಳು', ಆಮೇಲೆ 'ಅಪರಿಚಿತ'. ಅದು ಎದೆ ಝಲ್ಲೆನಿಸುವ ಪತ್ತೇದಾರಿ ಕಥೆ, ನಗುವಿನದಲ್ಲ. ಅದನ್ನು ಹಿಂದಿಯಲ್ಲೂ ತಾವೇ ತೆಗೆದರು. 1984ರ 'ಅನುಭವ'ದಲ್ಲಿ ತಾವೇ ನಾಯಕರಾಗಿ ನಿಂತರು. ಚಿತ್ರದ ಹೆಸರುಗಳನ್ನು 'ಅ'ದಿಂದ ಶುರು ಮಾಡುವುದು ಅವರ ಚಾಳಿ. ನಮ್ಮ ಓಣಿಯ ಒಬ್ಬರು "ಪಾಪ, ಅಕ್ಷರಮಾಲೆ ಅಲ್ಲಿಗೇ ನಿಂತಿದೆ" ಅನ್ನುತ್ತಿದ್ದರು.

ನನಗೆ ಮುಖ್ಯ ಅನ್ನಿಸುವುದು ಆ ನಾಯಕನ ವಿಷಯವೇ. ಅಲ್ಲಿಯವರೆಗೆ ಹಾಸ್ಯದವನು ನಾಯಕನ ಸೈಕಲ್ ತಳ್ಳುವವನು, ಏಟು ತಿನ್ನುವವನು. ನರಸಿಂಹರಾಜು ಅಂಥ ದೊಡ್ಡ ನಟರಿಗೂ ಬಹಳ ಸಲ ಸಿಕ್ಕಿದ್ದು ಅದೇ ಜಾಗ. ಕಾಶಿನಾಥ್ ಆ ಪೆಚ್ಚು ಮುಖದವನನ್ನೇ ನಡುಮನೆಗೆ ತಂದು ಕೂರಿಸಿದರು. ಪೀಚಲು ಮೈ, ಹೊಡೆದಾಟ ಬಾರದು, ಹುಡುಗಿ ಮಾತಾಡಿಸಿದರೆ ಬೆವರುತ್ತಾನೆ. ಗಾಂಧಿ ಕ್ಲಾಸಿನಲ್ಲಿ ಕೂತ ನಮ್ಮ ಹಾಗೇ ಇದ್ದ. ನಗಿಸುತ್ತಲೇ 'ಅನುಭವ'ದಲ್ಲಿ ಎಳೆಯ ವಯಸ್ಸಿನ ಹುಡುಗಿಗೆ ಮದುವೆ ಮಾಡುವುದನ್ನು ಕೆದಕಿದರು. ಅವರು ನಟಿಸಿದ 'ಅವಳೇ ನನ್ನ ಹೆಂಡ್ತಿ' ವರದಕ್ಷಿಣೆಯ ಕಥೆ. ಅದು ಬೇರೆಯವರ ನಿರ್ದೇಶನ. ಹಾಗಂತ ಎಲ್ಲವನ್ನೂ ಹೊಗಳಲಾರೆ. ಕೆಲವು ಡಬಲ್ ಮೀನಿಂಗ್ ಮಾತು, ಹೆಣ್ಣುಮಕ್ಕಳನ್ನು ತೋರಿಸಿದ ರೀತಿ ಈಗ ನೋಡಿದರೆ ಕೈ ತಾನಾಗಿ ರಿಮೋಟ್ ಹುಡುಕುತ್ತದೆ. ಖಜಾಂಚಿಯವರ ಭಯ ಸುಮ್ನೆ ಅಲ್ಲ.

ಇನ್ನೊಂದು ವಿಷಯ ನಮ್ಮ ಜಿಲ್ಲೆಯವರಿಗೆ ಖುಷಿ ಕೊಡುವಂಥದ್ದು. ಉಪೇಂದ್ರ, ವಿ. ಮನೋಹರ್ ಇಬ್ಬರೂ ಕಾಶಿನಾಥ್ ಗರಡಿಯವರು. ಉಪೇಂದ್ರ 1992ರಲ್ಲಿ ಮೊದಲ ಸಲ ನಿರ್ದೇಶಿಸಿದ 'ತರ್ಲೆ ನನ್ ಮಗ'ನಿಗೆ ನಾಯಕ ಯಾರು ಗೊತ್ತಾ? ತುರುವೇಕೆರೆ ತಾಲ್ಲೂಕು ಮಾಯಸಂದ್ರದ ಜಗ್ಗೇಶ್. ತುಮಕೂರು ಜಿಲ್ಲೆಯ ನಗು ಕುಂದಾಪುರ ಸುತ್ತಿಕೊಂಡು ವಾಪಸ್ ಬಂತು ಅನ್ನಿ.

1989ರಲ್ಲಿ 'ಅನಂತನ ಅವಾಂತರ' ಬಂದಾಗ ನಾನು ಪಿಯುಸಿ. ಮನೆಯಲ್ಲಿ ಟ್ಯೂಷನ್ ಅಂತ ಹೇಳಿ ಮ್ಯಾಟ್ನಿಗೆ ಹೋದೆ. ಮೀಸೆ ಇನ್ನೂ ಚಿಗುರು. ಗೇಟಿನವನು ಒಮ್ಮೆ ದುರುಗುಟ್ಟಿ ನೋಡಿ ಒಳಗೆ ಬಿಟ್ಟ. ವಾಪಸ್ ಬರುವಾಗ ಲೆಕ್ಕದ ಪುಸ್ತಕ ಕಂಕುಳಲ್ಲೇ ಇತ್ತು. ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡು ಸುಮಾರು ಮೂವತ್ತು ವರ್ಷ ಕಳೆದೆ.

2018ರ ಜನವರಿ 18ರಂದು ಕಾಶಿನಾಥ್ ತೀರಿಕೊಂಡರು. ಅವರಿಗೆ 66 ವರ್ಷ. ಅಪ್ಪನೇ ಫೋನ್ ಮಾಡಿದರು.

"ನಿಮ್ಮ ಕಾಶಿನಾಥ್ ಹೋದ್ರಂತೆ ಕಣಪ್ಪ."

"ಹೂಂ ಅಪ್ಪ, ಈಗ ತಾನೆ ನೋಡಿದೆ."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

"ಆವತ್ತು ಅಷ್ಟು ಮುಂದೆ ಯಾಕೋ ಕೂತಿದ್ದೆ, ಕತ್ತು ನೋವು ಬರಲಿಲ್ವಾ? ಬಾಲ್ಕನಿಯಿಂದ ನಿನ್ನ ತಲೆ ಮಾತ್ರ ಕಾಣ್ತಿತ್ತು."