ಗೆಳೆಯನಿಗೊಂದು ಪತ್ರ: ಪಟ್ಟಿಯಲ್ಲಿ ಸಿಗದ 97

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಪಟ್ಟಿ ನೋಡಿದೆ. ಟೆಸ್ಟ್‌ನಲ್ಲಿ ಅತಿ ಹೆಚ್ಚು ರನ್ ಹೊಡೆದವರ ಸಾಲಿನಲ್ಲಿ ನಮ್ಮ ದ್ರಾವಿಡ್ ಐದನೆಯವನಾದ ಅಂತ ನಿನಗೆ ಸಂಕಟ. 2025ರ ಜುಲೈನಲ್ಲಿ ಮ್ಯಾಂಚೆಸ್ಟರಿನ ಒಂದೇ ಇನಿಂಗ್ಸ್‌ನಲ್ಲಿ ಜೋ ರೂಟ್ ದ್ರಾವಿಡ್, ಕಾಲಿಸ್, ಪಾಂಟಿಂಗ್ ಮೂವರನ್ನೂ ದಾಟಿದ. ದಾಟಲಿ ಬಿಡು, ರೂಟ್ ಚೆನ್ನಾಗಿಯೇ ಆಡುತ್ತಾನೆ. ದ್ರಾವಿಡನ 13,288 ರನ್‌ಗಿಂತ ಅವನು ಎದುರಿಸಿದ 31,258 ಚೆಂಡುಗಳೇ ನನಗೆ ದೊಡ್ಡವು. ಟೆಸ್ಟ್‌ನಲ್ಲಿ ಅಷ್ಟು ಚೆಂಡು ಎದುರಿಸಿದವರು ಇನ್ನೊಬ್ಬರಿಲ್ಲ.

ನನ್ನ ತಕರಾರು ಬೇರೆ. ನಾನು ಕಂಡ, ಅಲ್ಲ, ಕೇಳಿದ ಅತ್ಯುತ್ತಮ ಬ್ಯಾಟಿಂಗಿಗೆ ನಿನ್ನ ಪಟ್ಟಿಯಲ್ಲಿ ಜಾಗವೇ ಇಲ್ಲ.

1975ರ ಜನವರಿ 11, ಶನಿವಾರ. ಬೆಳಗಿನ ಶಾಲೆ ಮುಗಿಸಿ ಇಬ್ಬರೂ ನೇರ ನಮ್ಮ ಮನೆಯ ಜಗಲಿಗೆ ಬಂದಿದ್ದೆವು. ಸಂಕ್ರಾಂತಿಗೆ ಮೂರು ದಿನ. ಒಳಗೆ ಅಮ್ಮ, ಅಜ್ಜಿ ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಿದ್ದರು, ಹೊರಗೆ ಅಪ್ಪನ ಟ್ರಾನ್ಸಿಸ್ಟರಿನಲ್ಲಿ ಮದ್ರಾಸಿನ ಚೆಪಾಕ್ ಟೆಸ್ಟ್. ಬೆರಳಿನ ಗಾಯದಿಂದ ಗಾವಸ್ಕರ್ ಆಡುತ್ತಿರಲಿಲ್ಲ. ವೆಸ್ಟ್ ಇಂಡೀಸಿನ ವೇಗಿ ಆಂಡಿ ರಾಬರ್ಟ್ಸ್ ನಮ್ಮವರನ್ನು ಒಬ್ಬೊಬ್ಬರನ್ನೇ ಉದುರಿಸುತ್ತಿದ್ದ. 76 ರನ್ನಿಗೆ ಆರು ವಿಕೆಟ್, 117ಕ್ಕೆ ಎಂಟು. ಹೆಲ್ಮೆಟ್ ಇಲ್ಲದ ಕಾಲ. ಅಂಥ ವೇಗದ ಎದುರು ಭದ್ರಾವತಿಯಲ್ಲಿ ಹುಟ್ಟಿದ ಆ ಕುಳ್ಳ ಮನುಷ್ಯ, ನಮ್ಮ ವಿಶಿ, ಅಂದರೆ ಜಿ.ಆರ್. ವಿಶ್ವನಾಥ್, ಒಬ್ಬನೇ ನಿಂತಿದ್ದ. ಚೆಂಡು ಸ್ವಲ್ಪ ಶಾರ್ಟ್ ಬಿದ್ದರೆ ಸಾಕು, ಸ್ಕ್ವೇರ್ ಕಟ್. ರೇಡಿಯೊದಲ್ಲಿ ಜನರ ಕೂಗಿನಿಂದಲೇ ಅದು ಬೌಂಡರಿ ಎಂದು ನಮಗೆ ತಿಳಿಯುತ್ತಿತ್ತು.

ಬೇಡಿ ಜೊತೆ 52 ರನ್ ಸೇರಿಸಿದ. ಆಮೇಲೆ ಬಂದವನು ಚಂದ್ರಶೇಖರ್. ಜೀವಮಾನದ ಟೆಸ್ಟ್‌ಗಳಲ್ಲಿ 242 ವಿಕೆಟ್ ಕಿತ್ತು ಬರೀ 167 ರನ್ ಮಾಡಿದ ಚಂದ್ರ! ಅವನನ್ನು ಕಟ್ಟಿಕೊಂಡೂ ವಿಶಿ 21 ರನ್ ಕೂಡಿಸಿದ. ಸ್ಲಿಪ್‌ನಲ್ಲಿ ಲಾಯ್ಡ್ ಕೈಗೆ ಚಂದ್ರ ಕ್ಯಾಚಿತ್ತಾಗ ಒಟ್ಟು 190, ವಿಶಿ ಔಟಾಗದೆ 97. ಬೇರೆ ಯಾರೂ 20 ಮುಟ್ಟಿರಲಿಲ್ಲ. ನೀನು ಜಗಲಿಯಿಂದ ಎದ್ದು, ಮಾತಾಡದೆ ಮನೆಗೆ ಹೊರಟುಹೋದೆ.

ದಾಖಲೆಯ ಲೆಕ್ಕದಲ್ಲಿ ಅದು ಒಂದು ಅರ್ಧಶತಕ. ಸತ್ತ ಪಿಚ್ಚಿನಲ್ಲಿ, ಡ್ರಾ ಆಗುವ ಪಂದ್ಯದ ಕೊನೇ ಸಂಜೆ ಯಾರೋ ಹೊಡೆದ 50 ಕೂಡ ಅದೇ ಕಾಲಮ್ಮಿನಲ್ಲಿ ಕೂರುತ್ತದೆ. ಇದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಆ 190 ಇದ್ದದ್ದರಿಂದಲೇ ವೆಸ್ಟ್ ಇಂಡೀಸ್ ಮೊದಲ ಇನಿಂಗ್ಸ್‌ನಲ್ಲಿ ಎರಡೇ ರನ್ ಮುಂದೆ ಹೋಗಿ ನಿಂತಿತು. ನಮ್ಮ ಸ್ಪಿನ್ನರ್ ಪ್ರಸನ್ನ ಎರಡೂ ಇನಿಂಗ್ಸ್ ಸೇರಿ ಒಂಬತ್ತು ವಿಕೆಟ್ ತೆಗೆದ. ಹಬ್ಬದ ಮರುದಿನ ಪಂದ್ಯ 100 ರನ್‌ಗಳಿಂದ ನಮ್ಮದಾಯಿತು.

ಬ್ರಾಡ್ಮನ್ ಕಥೆ ಹೇಳುತ್ತೀಯ, ಗೊತ್ತು. 1948ರಲ್ಲಿ ಓವಲ್‌ನಲ್ಲಿ, ಕೊನೆಯ ಇನಿಂಗ್ಸ್‌ನಲ್ಲಿ, ಸರಾಸರಿ 100 ಆಗಲು ನಾಲ್ಕೇ ರನ್ ಬೇಕಿತ್ತು, ಹೋಲೀಸ್ ಸೊನ್ನೆಗೆ ಬೋಲ್ಡ್ ಮಾಡಿದ, ಸರಾಸರಿ 99.94ಕ್ಕೆ ನಿಂತಿತು. ಆ ನಾಲ್ಕು ರನ್ನಿಗಾಗಿ ಲೋಕವೆಲ್ಲ ಇಂದಿಗೂ ಮರುಗುತ್ತದೆ. ವಿಶಿಯ ಮೂರು ರನ್ನಿಗೆ ಮರುಗುವವರು ನಮ್ಮಂಥವರು ಮಾತ್ರ.

ಅಂಕಿಯೇ ಬೇಕೆಂದರೆ ಇದನ್ನು ಬರೆದುಕೋ: ವಿಶಿಯ ಟೆಸ್ಟ್ ಸರಾಸರಿ 41.93, ಶತಕಗಳು 14. ಆ ಹದಿನಾಲ್ಕರಲ್ಲಿ ಒಂದು ಪಂದ್ಯವನ್ನೂ ಭಾರತ ಸೋಲಲಿಲ್ಲ.

ಹಾಂ, ಚೆಪಾಕ್ ಆದಮೇಲಿನ ಟೆಸ್ಟ್, ವಾಂಖೆಡೆಯ ಮೊಟ್ಟಮೊದಲ ಟೆಸ್ಟ್. ಅಲ್ಲಿ ವಿಶಿ 95ಕ್ಕೆ ಔಟ್. ನಿಮ್ಮ ಸೋದರಮಾವ ಅದನ್ನು ನೋಡಿ ಬಂದು ಟಿಕೆಟ್ಟನ್ನು ಪಂಚಾಂಗದೊಳಗೆ ಇಟ್ಟಿದ್ದರಲ್ಲ, ಇನ್ನೂ ಇದೆಯಾ? ಇದ್ದರೆ ಫೋಟೊ ತೆಗೆದು ಕಳಿಸು.

ಇಂತಿ,
ನಿನ್ನ ಜಗಲಿಯ ಗೆಳೆಯ