ಗುಂಡ್ಲುಪೇಟೆಗೆ ಹೊರಟಿರುವ ಪುಟ್ಟಿಗೆ

ಹನುಮಂತನಗರ, ಬೆಂಗಳೂರು
ಗುರುವಾರ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಭಾನುವಾರ ಗೆಳತಿಯರ ಜೊತೆ ಗುಂಡ್ಲುಪೇಟೆ ಕಡೆ ಹೂವಿನ ಹೊಲ ನೋಡೋಕೆ ಹೊರಟಿದ್ದೀರಂತೆ. ನಿಮ್ಮಮ್ಮ ಹೇಳಿದಳು. ಕೇಳಿ ತುಂಬಾ ಖುಷಿಯಾಯಿತು. ಅದು ನಿನ್ನ ತಾತನ ಸೀಮೆ. ಜಮೀನು ಮಾರಿ ಎಷ್ಟೋ ವರ್ಷ ಆಯಿತು, ಆದರೆ ನನ್ನ ಮಟ್ಟಿಗೆ ಅದು ಇನ್ನೂ ನಮ್ಮೂರೇ. ಅದಕ್ಕೇ ಫೋನಿನಲ್ಲಿ ಹೇಳದೆ ಕೂತು ಬರೆಯುತ್ತಿದ್ದೇನೆ.

ಮುಖ್ಯವಾದ ಮಾತು ಒಂದೇ. ಕೇಳದೆ ಯಾರ ಹೊಲಕ್ಕೂ ಕಾಲಿಡಬೇಡ.

ಎರಡು ವರ್ಷದ ಹಿಂದೆ ನಮ್ಮ ಬೀದಿಯ ಹೆಂಗಸರೆಲ್ಲ ಟಿಟಿ ಮಾಡಿಕೊಂಡು ಅಲ್ಲಿಗೆ ಹೋಗಿದ್ದೆವು. ಬೇಗೂರು ದಾಟಿದ ಮೇಲೆ ರಸ್ತೆ ಪಕ್ಕದಲ್ಲೇ ಸೂರ್ಯಕಾಂತಿ ಹೊಲ. ಗಾಡಿ ನಿಲ್ಲಿಸಿ ಎಲ್ಲರೂ ಒಳಗೆ ನುಗ್ಗಿದೆವು. ಫೋಟೋ ಚೆನ್ನಾಗಿ ಬರಲಿ ಅಂತ ನಾನೂ ಸಾಲಿನ ನಡುವೆ ನಿಂತೆ. ಒಂದು ಹೆಜ್ಜೆ ಹಿಂದಕ್ಕೆ ಇಟ್ಟೆ, ಲಟ್ ಅಂತು. ತಿರುಗಿ ನೋಡಿದರೆ ಕಾಂಡ ಮುರಿದು ತೆನೆ ನೆಲಕ್ಕೆ ಬಾಗಿತ್ತು.

ಅಷ್ಟರಲ್ಲಿ ಆ ಹೊಲದ ಹೆಂಗಸು ಬಂದರು. ಬೈಯಲಿಲ್ಲ. ಬಗ್ಗಿ ಗಿಡವನ್ನು ಎತ್ತಿ ನಿಲ್ಲಿಸಿದರು. ಕಾಲಿನಿಂದ ಬುಡಕ್ಕೆ ಮಣ್ಣು ಒತ್ತಿದರು. ಕೈ ಬಿಟ್ಟ ಕೂಡಲೇ ಅದು ಮತ್ತೆ ಬಾಗಿತು. ಮತ್ತೆ ಎತ್ತಿದರು. ನಾನು 500 ರೂಪಾಯಿ ನೋಟು ಹಿಡಿದು ನಿಂತಿದ್ದೆ, ಅವರು ಅದರ ಕಡೆ ನೋಡಲೂ ಇಲ್ಲ. "ಕೇಳಿದ್ರ ನಾನೇ ಬದು ಮ್ಯಾಲ ಕರ್ಕಂಡು ಹೋಗ್ತಿದ್ನಲ್ಲವ್ವ" ಅಂದರು, ಅಷ್ಟೇ. ರೈತನ ಮಗಳಾಗಿ ಹೀಗೆ ಮಾಡಿದೆನಲ್ಲ ಅನ್ನುವುದು ಇವತ್ತಿಗೂ ಚುಚ್ಚುತ್ತದೆ.

ಅದು ಅಂದಕ್ಕೆ ಹಾಕಿದ ಹೂವಲ್ಲ ಪುಟ್ಟಿ, ಎಣ್ಣೆಕಾಳಿನ ಬೆಳೆ. ಮುಂಗಾರಿಗೆ ಮೊದಲಿನ ಮಳೆ ಬಿದ್ದಾಗ ಬಿತ್ತುತ್ತಾರೆ. ಸುಮಾರು ಮೂರು ತಿಂಗಳ ಬೆಳೆ. ಅದರಲ್ಲಿ ಹೂ ಅರಳಿ ನಿಲ್ಲುವುದು ಕೆಲವೇ ದಿನ, ಆ ದಿನಗಳಲ್ಲೇ ಜೇನುನೊಣ ಬಂದು ಹೂವಿಂದ ಹೂವಿಗೆ ಹೋಗಿ ಕಾಳು ಕಟ್ಟಬೇಕು. ನೊಣ ಕೂರದ ತೆನೆಯಲ್ಲಿ ಜೊಳ್ಳು ಜಾಸ್ತಿ. ನಾವು ಹೋಗಿ ಅಲ್ಲಾಡಿಸುವುದು ಸರಿಯಾಗಿ ಅದೇ ಹೊತ್ತಿಗೆ.

ಆದರೂ ಬೆಳಿಗ್ಗೆಯೇ ಹೋಗು. ಬಲಿತ ಸೂರ್ಯಕಾಂತಿ ಸೂರ್ಯನ ಜೊತೆ ತಿರುಗುವುದಿಲ್ಲ, ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಎಳೆ ಬಿಸಿಲು ನೇರ ಮುಖಕ್ಕೆ ಬೀಳುವಾಗ ಬದುವಿನ ಮೇಲೆ ನಿಂತು ನೋಡಿದರೆ ಸಾಕು, ಒಳಗೆ ಹೋಗಲೇಬೇಕು ಅನ್ನಿಸುವುದಿಲ್ಲ. ಮಧ್ಯಾಹ್ನ ಹೋದರೆ ಆ ಚೆಂದ ಇರುವುದಿಲ್ಲ.

ಚೆಂಡು ಹೂವಿನ ಹೊಲಗಳೂ ಸಿಗುತ್ತವೆ. ನಾವು ಹಬ್ಬಕ್ಕೆ ಕೆ.ಆರ್. ಮಾರ್ಕೆಟ್ಟಿನಿಂದ ತರುತ್ತೇವಲ್ಲ, ಆ ಹೊಲಗಳಲ್ಲಿ ಬೆಳೆಯುವುದೆಲ್ಲ ಹಾಗೆ ಮಾರುವುದಕ್ಕಲ್ಲ. ಬಹಳಷ್ಟು ಕಾರ್ಖಾನೆಗೆ ಹೋಗುತ್ತದೆ. ದಳದಿಂದ ಬಣ್ಣ ತೆಗೆದು ಕೋಳಿ ಆಹಾರಕ್ಕೂ ಸೇರಿಸುತ್ತಾರೆ, ಮೊಟ್ಟೆಯ ಹಳದಿ ಗಾಢವಾಗಲಿ ಅಂತ. ಓಣಂ ಬಂದರೆ ಕೇರಳಕ್ಕೂ ಲೋಡು ಹೋಗುತ್ತದೆ. ಎಲ್ಲಾ ಕೆ.ಜಿ. ಲೆಕ್ಕ. ಬಿಡಿಸುವ ಹೆಂಗಸರ ಸೊಂಟ ಬಗ್ಗಿದ್ದು ಬಗ್ಗಿದ ಹಾಗೇ ಇರುತ್ತದೆ. ಈಗೀಗ ಕೆಲವು ರೈತರು ಫೋಟೋಗೆ ದುಡ್ಡು ಕೇಳುತ್ತಾರೆ. ಚೌಕಾಸಿ ಮಾಡಬೇಡ, ಕೊಡು. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಸಾಲಲ್ಲಿ ನಿಂತು ಟಿಕೆಟ್ ತಗೊಳ್ಳುತ್ತೇವೆ, ಇದಕ್ಕೆ ಯಾಕೆ ಹಿಂದೆಮುಂದೆ ನೋಡಬೇಕು ಅಲ್ವಾ?

ಇನ್ನು ನನ್ನದೊಂದು ಆಸೆ. ಹಳದಿ ಹೊಲ ನೋಡಿ ಆದಮೇಲೆ ಕಾಲಬುಡದಲ್ಲಿ, ಬೇಲಿಯಲ್ಲಿ ಸ್ವಲ್ಪ ನೋಡು. ಯಾರೂ ಬಿತ್ತದ ಹೂಗಳು ಅಲ್ಲಿರುತ್ತವೆ. ತುಂಬೆ, ತಂಗಡಿ, ಅಣ್ಣೆ, ನೀಲಿ ಚುಕ್ಕೆಯ ಹಾಗಿರುವ ವಿಷ್ಣುಕ್ರಾಂತಿ. ತುಂಬೆ ಹೂವಿನ ಬುಡ ಚೀಪಿದರೆ ಸಿಹಿ. ನಾನೂ ನಿಮ್ಮಮ್ಮನೂ ಶಾಲೆಯಿಂದ ಬರುವಾಗ ದಾರಿಯುದ್ದಕ್ಕೂ ಚೀಪಿಕೊಂಡು ಬರುತ್ತಿದ್ದೆವು.

ಗೌರಿ ಹೂ ಕಂಡರೆ ಮಾತ್ರ ಸುಮ್ನೆ ದಾಟಿ ಹೋಗಬೇಡ, ಹತ್ತಿರ ಕೂತು ನೋಡು. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಆರು ದಳ, ಅಂಚೆಲ್ಲ ಅಲೆ ಅಲೆ. ಹೂವಿನ ಮುಖ ಕೆಳಗೆ, ದಳ ಮಾತ್ರ ಹಿಂದಕ್ಕೆ ಮಡಚಿ ಮೇಲಕ್ಕೆ ಎದ್ದಿರುತ್ತದೆ, ಒಲೆಯ ಉರಿಯ ಹಾಗೆ. ಅರಳಿದಾಗ ಹಳದಿ, ದಿನ ಕಳೆದಂತೆ ಪೂರ್ತಿ ಕೆಂಪು. ಒಂದೇ ಬಳ್ಳಿಯಲ್ಲಿ ಎರಡೂ ಬಣ್ಣ ಸಿಗುತ್ತದೆ. ಅದರ ಗೆಡ್ಡೆ ಬಲು ವಿಷ. ಅಗೆದು ತಂದು ಬಾಲ್ಕನಿ ಕುಂಡದಲ್ಲಿ ನೆಡುವ ಯೋಚನೆ ಬೇಡ, ಮನೆಯಲ್ಲಿ ನಾಯಿಮರಿ ಇದೆ.

ಬಂಡೀಪುರದ ಕಡೆ ಹೋದರೆ ಲಂಟಾನವೂ ಬಣ್ಣಬಣ್ಣವಾಗಿ ಕಾಣುತ್ತದೆ. ಅದು ನಮ್ಮ ನೆಲದ್ದಲ್ಲ. ಅಲಂಕಾರಕ್ಕೆ ಅಂತ ಹೊರದೇಶದಿಂದ ತಂದ ಗಿಡ ಕಾಡೆಲ್ಲ ಹಬ್ಬಿಕೊಂಡಿದೆ. ಅದರ ಅಡಿಯಲ್ಲಿ ಹುಲ್ಲು ಸರಿಯಾಗಿ ಏಳುವುದಿಲ್ಲ, ಜಿಂಕೆಗೆ ಮೇವಿಲ್ಲ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪೇಟೆಯೊಳಗೆ ವಿಜಯನಾರಾಯಣ ದೇವಸ್ಥಾನ ಇದೆ, ಕೈಮುಗಿದು ಬಾ. ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ಗಾಡಿ ಬಿಡುವುದಿಲ್ಲ, ಕೆಳಗಿನಿಂದ ಸರ್ಕಾರಿ ಬಸ್ಸಿನಲ್ಲಿ ಹೋಗಬೇಕು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಕತ್ತಲಾಗುವ ಮೊದಲೇ ಈ ಕಡೆಗೆ ಹೊರಟುಬಿಡಿ.

ಹೊಲದವರೇ ರಸ್ತೆ ಬದಿಯಲ್ಲಿ ಸಾಂಬಾರ್ ಈರುಳ್ಳಿ ಮಾರುತ್ತಿದ್ದರೆ ನನಗೆ ಎರಡು ಕೆ.ಜಿ. ತಗೊಂಡು ಬಾ. ಮೈಸೂರಿನಿಂದ ಮುಂದಕ್ಕೇ 60 ಕಿ.ಮೀ. ಆಗುತ್ತದೆ, ಇಲ್ಲಿಂದ ಐದಕ್ಕೆಲ್ಲ ಹೊರಡಬೇಕು. ಶನಿವಾರ ರಾತ್ರಿ ಇಲ್ಲೇ ಬಂದು ಮಲಗು, ಮೈಸೂರು ರಸ್ತೆ ನಮಗೆ ಹತ್ತಿರ. ನಾಲ್ಕಕ್ಕೆ ಎದ್ದು ಎಲ್ಲರಿಗೂ ಚಪಾತಿ ಪಲ್ಯ ಕಟ್ಟಿಕೊಡುತ್ತೇನೆ. ಎಷ್ಟು ಜನ ಅಂತ ನಾಳೆಯೊಳಗೆ ತಿಳಿಸು.

ಇಂತಿ,
ನಿನ್ನ ದೊಡ್ಡಮ್ಮ