ಮುಟ್ಟು ಕಾಣುವ ಮೊದಲೇ

ಶಿಡ್ಲಘಟ್ಟ

ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಕಾಗದ ಶನಿವಾರ ಕೈ ಸೇರಿತು. ಊರಿನ ಸುದ್ದಿಯನ್ನೆಲ್ಲ ನಿಮ್ಮಮ್ಮ ದಿನಾ ಫೋನಿನಲ್ಲಿ ಹೇಳುತ್ತಲೇ ಇರುತ್ತಾಳೆ, ಅದನ್ನು ನಾನು ಮತ್ತೆ ಬರೆಯುವುದಿಲ್ಲ. ಕೊನೆಗೆ, ಹೆಸರು ಹಾಕುವ ಮುಂಚೆ, ಸಣ್ಣ ಅಕ್ಷರದಲ್ಲಿ ಒಂದು ಮಾತು ಬರೆದಿದ್ದೀಯಲ್ಲ, "ಮುಟ್ಟು ಇನ್ನೂ ಬಂದಿಲ್ಲ, ಹಾಲು ಕುಡಿಸ್ತಿದ್ದೀನಿ, ಏನೂ ಆಗಲ್ಲ ಅಂತಾರೆ ಎಲ್ಲರೂ. ಆದರೂ ಗೊತ್ತೇ ಆಗದ ಹಾಗೆ ಮತ್ತೆ ಬಸಿರು ನಿಂತುಬಿಟ್ಟರೆ ದೊಡ್ಡಮ್ಮ?" ಅಂತ. ಅದನ್ನು ಓದಿ ಕನ್ನಡಕ ತೆಗೆದಿಟ್ಟೆ. ಅದರ ಮೇಲಿನ ಸಾಲಿನಲ್ಲೇ, ಮಗು ಈಗ ರಾತ್ರಿ ಹತ್ತಕ್ಕೆ ಮಲಗಿದರೆ ಬೆಳಿಗ್ಗೆ ಆರಕ್ಕೇ ಏಳುವುದು, ಪುಣ್ಯವಂತೆ ನಾನು ಅಂತ ಬರೆದಿದ್ದೀಯ. ಎರಡು ಸಾಲು, ಒಂದರ ಕೆಳಗೊಂದು. ಅವೆರಡಕ್ಕೂ ನಂಟಿದೆ ಅಂತ ನಿನಗೆ ಹೊಳೆದಿರಲಿಕ್ಕಿಲ್ಲ. ನನಗೆ ಎದೆ ಧಸಕ್ ಅಂದಿತು.

ನಿನ್ನದು ಹುಚ್ಚು ಭಯ ಅಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ. ಮುಟ್ಟು ಬಂದ ಮೇಲೆ ಹುಷಾರಾದರೆ ಸಾಕು ಅಂತ ನಮ್ಮ ಕಡೆ ಎಲ್ಲರೂ ನಂಬಿಕೊಂಡು ಬಂದಿದ್ದಾರೆ. ಆದರೆ ಅಂಡಾಣು ಬಿಡುಗಡೆಯಾಗಿ ಸುಮಾರು ಎರಡು ವಾರದ ಮೇಲೆ ಬರುವುದು ಮುಟ್ಟು. ಹೆರಿಗೆಯಾದ ಮೇಲೆ ಮೊದಲ ಮುಟ್ಟು ಕಾಣುವುದಕ್ಕೂ ಮುಂಚೆಯೇ ಒಂದು ಅಂಡಾಣು ಸದ್ದಿಲ್ಲದೆ ಬಂದಿರಬಹುದು. ಆ ಹೊತ್ತಿಗೆ ಸರಿಯಾಗಿ ಗಂಡ ಹೆಂಡಿರು ಸೇರಿ ಬಸಿರಾದರೆ ಮುಟ್ಟು ಬರುವುದೇ ಇಲ್ಲ. ಬಂದಿಲ್ಲವಲ್ಲ, ಹಾಲು ಕುಡಿಸುತ್ತಿದ್ದೇನಲ್ಲ ಅಂತ ನೀನು ನಿಶ್ಚಿಂತೆಯಾಗಿರುತ್ತೀಯ. ಗೊತ್ತೇ ಆಗದ ಹಾಗೆ ಅಂದೆಯಲ್ಲ, ಅದು ಹೀಗೇ.

ನನಗೆ ಆಗಿದ್ದೂ ಹೀಗೇ. ಈ ಕಥೆ ನಿಮ್ಮಮ್ಮನಿಗೂ ಪೂರ್ತಿ ಗೊತ್ತಿಲ್ಲ. ಆಗ ನಮ್ಮ ಮನೆ ತುಂಬಾ ರೇಷ್ಮೆ ಹುಳು. ನೀನು ಪೇಟೆಯಲ್ಲಿ ಬೆಳೆದವಳು, ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಹುಳು ಸೊಪ್ಪು ಮೇಯುವುದನ್ನು ನೋಡಿಲ್ಲ. ಹುಟ್ಟಿದಾಗಿನಿಂದ ತಿನ್ನುವುದರಲ್ಲಿ ಮುಕ್ಕಾಲಿಗೂ ಜಾಸ್ತಿ ಸೊಪ್ಪನ್ನು ಆ ಕೊನೆಯ ಒಂದು ವಾರದಲ್ಲೇ ತಿಂದು ಮುಗಿಸುತ್ತವೆ. ರಾತ್ರಿ ಅಂತ ಇಲ್ಲ, ಹಗಲು ಅಂತ ಇಲ್ಲ. ದೊಡ್ಡವನಿಗೆ ಆಗ ಐದು ತಿಂಗಳು. ರಾತ್ರಿ ಅವನು ಎದ್ದರೆ ನಮ್ಮತ್ತೆ ಬಾಟ್ಲಿಯಲ್ಲಿ ಹಸುವಿನ ಹಾಲು, ಹಗಲು ಅತ್ತರೆ ಸಕ್ಕರೆ ನೀರು ಕೊಡುತ್ತಿದ್ದರು. ಪಾಪ, ಅವರು ನನಗೆ ಅನುಕೂಲ ಆಗಲಿ ಅಂತಲೇ ಮಾಡಿದ್ದು. ಎದೆ ಕಟ್ಟಿಕೊಂಡು ರವಿಕೆ ಒದ್ದೆಯಾಗುತ್ತಿತ್ತು, ನಾನು ತಟ್ಟೆಗೆ ಸೊಪ್ಪು ಹಾಕುತ್ತಾ ಇರುತ್ತಿದ್ದೆ. ಹುಳು ಹಣ್ಣಾಗಿ ಗೂಡು ಕಟ್ಟುವ ಚಂದ್ರಂಕಿ ತಟ್ಟೆಗೆ ಹತ್ತಿದವು, ಗೂಡು ಮಾರ್ಕೆಟ್ಟಿಗೆ ಹೋಯಿತು, ಒಳ್ಳೆ ರೇಟೂ ಸಿಕ್ಕಿತು. ಮುಂದಿನ ಬೆಳೆಯ ಹೊತ್ತಿಗೆ ನನಗೆ ಹುಳುಮನೆಗೆ ಕಾಲಿಟ್ಟರೆ ಹೊಟ್ಟೆ ತೊಳಸುವುದು. ಹಿಕ್ಕೆಯ ವಾಸನೆ ಅಂದುಕೊಂಡೆ. ತೋರಿಸಿಕೊಳ್ಳಲು ಹೋದ ಕಡೆಯೂ "ಹಾಲು ಕುಡಿಸ್ತಿದ್ದೀಯಲ್ಲ, ಅದೇನೂ ಇರಲ್ಲ ಬಿಡು" ಅಂತ ಮುಟ್ಟಿಯೂ ನೋಡದೆ ಕಳಿಸಿದರು. ಒಳಗೆ ಮಗು ಮಿಸುಕಿದಾಗಲೇ ನನಗೆ ತಿಳಿದಿದ್ದು.

ನಿನ್ನ ಅಕ್ಕ ಬೇಡವಾಗಿ ಬಂದವಳು ಅಂತ ಮಾತ್ರ ಅಂದುಕೊಳ್ಳಬೇಡ. ಈಗ ಅವಳಿಲ್ಲದೆ ನನಗೆ ಒಂದು ದಿನ ಹೋಗುವುದಿಲ್ಲ. ನನಗೆ ಇವತ್ತಿಗೂ ಕೊರೆಯುವುದು ದೊಡ್ಡವನ ವಿಷಯ. ಬಸುರಿಯ ಹಾಲು ಕುಡಿದರೆ ಮಗು ಸೊರಗುತ್ತೆ ಅಂತ ಎಲ್ಲರೂ ಹೇಳಿ, ಬೇವಿನ ಸೊಪ್ಪು ಅರೆದು ಎದೆಗೆ ಹಚ್ಚಿಸಿದರು. ಅವನು ಬಾಯಿ ಹಾಕಿದ, ಮುಖ ಕಿವುಚಿದ, ನನ್ನ ಮುಖ ನೋಡಿದ. ಅಂಗೈಯಿಂದ ಎದೆ ಒರೆಸಿ ಮತ್ತೆ ಬಾಯಿ ಹಾಕಿದ. ಬಸುರಿನಲ್ಲಿ ತೊಂದರೆ ಇಲ್ಲದವರು ದೊಡ್ಡ ಮಗುವಿಗೆ ಹಾಲು ಕುಡಿಸಬಹುದು ಅಂತ ಆಮೇಲೆ, ಎಷ್ಟೋ ವರ್ಷದ ಮೇಲೆ, ಒಬ್ಬರು ನರ್ಸಮ್ಮ ಹೇಳಿದರು. ಆಗ ಯಾರೂ ಹೇಳಲಿಲ್ಲ.

ಎಲ್ಲಿಗೋ ಹೋದೆ. ನಿನ್ನ ಮಾತಿಗೆ ಬರುತ್ತೇನೆ.

ಹಾಲು ಕುಡಿಸುವಾಗ ಬಸಿರಾಗುವುದಿಲ್ಲ ಅನ್ನುವುದು ಪೂರಾ ಸುಳ್ಳೂ ಅಲ್ಲ. ಮಗು ಚೀಪುವಾಗ ಸುದ್ದಿ ತಲೆಗೆ ಹೋಗಿ, ಅಂಡಾಣು ಹಣ್ಣಾಗುವುದನ್ನು ಅಲ್ಲಿಂದಲೇ ತಡೆಯುತ್ತದಂತೆ. ಆದರೆ ಅದಕ್ಕೆ ಮೂರು ಷರತ್ತು, ಮೂರೂ ಒಟ್ಟಿಗೇ ಇರಬೇಕು. ಮುಟ್ಟು ಬಂದಿರಬಾರದು. ಮಗುವಿಗೆ ಆರು ತಿಂಗಳು ತುಂಬಿರಬಾರದು. ಎದೆಹಾಲು ಬಿಟ್ಟು ಬೇರೆ ಹೆಚ್ಚುಕಮ್ಮಿ ಏನೂ ಕೊಡಬಾರದು, ಹಗಲು ನಾಲ್ಕು ಗಂಟೆ, ರಾತ್ರಿ ಆರು ಗಂಟೆಗಿಂತ ಜಾಸ್ತಿ ಬಿಡುವೂ ಇರಬಾರದು. ಹೀಗೆ ನಡೆಸಿದರೆ ಆ ಆರು ತಿಂಗಳಲ್ಲಿ ನೂರು ಜನರಲ್ಲಿ ಇಬ್ಬರು ಕೂಡ ಬಸಿರಾಗುವುದಿಲ್ಲ. 1988ರಲ್ಲಿ ಇಟಲಿಯ ಬೆಲ್ಲಾಜಿಯೊದಲ್ಲಿ ತಿಳಿದವರೆಲ್ಲ ಕೂತು ಒಪ್ಪಿದ ಲೆಕ್ಕ ಇದು, ಅಜ್ಜಿಯರ ಮಾತಲ್ಲ. ಈಗ ನಿನ್ನದನ್ನು ನೋಡು. ಹತ್ತರಿಂದ ಆರು, ಎಂಟು ಗಂಟೆ ಆಯಿತು. ಒಂದು ಷರತ್ತು ಆಗಲೇ ಕೈಬಿಟ್ಟಿದೆ.

ಮಲಗಿದ ಕೂಸನ್ನು ಎಬ್ಬಿಸು ಅನ್ನಲು ನನಗೆ ಬಾಯಿ ಬರುವುದಿಲ್ಲ. ನೀನು ನಿದ್ದೆಗೆಟ್ಟು ಸೊರಗಿದ್ದನ್ನು ನಾನೇ ನೋಡಿದ್ದೇನೆ. ಬೇಕಿದ್ದರೆ ನಡುರಾತ್ರಿ ಒಂದು ಸಲ ಕುಡಿಸಬಹುದು, ಆದರೆ ಅದನ್ನೇ ನಂಬಿ ಕೂರಬೇಡ. ಇನ್ನೊಂದು ಕಾವಲು ಇರಲಿ. ರಜೆ ಬೇರೆ ಮುಗಿಯುತ್ತಾ ಬಂತು. 26 ವಾರದ ಹೆರಿಗೆ ರಜೆ ಮುಗಿಯುವುದೂ, ಮಗುವಿಗೆ ಆರು ತಿಂಗಳು ತುಂಬುವುದೂ, ರಾಗಿ ಸರಿ ತಿನ್ನಿಸಲು ಶುರು ಮಾಡುವುದೂ ಎಲ್ಲ ಒಂದೇ ಸಲಕ್ಕೆ ಬರುತ್ತವೆ. ಹಾಲು ಹಿಂಡಿಟ್ಟು ಕೆಲಸಕ್ಕೆ ಹೋಗುತ್ತೇನೆ ಅಂದಿದ್ದೀಯ, ಒಳ್ಳೆಯದೇ, ಮಗುವಿನ ಹೊಟ್ಟೆಗೆ ಆಯಿತು. ಬಸಿರು ತಡೆಯುವ ಲೆಕ್ಕಕ್ಕೆ ಮಾತ್ರ ಪಂಪು ಮಗುವಿನ ಬಾಯಿಗೆ ಸಮ ಅಲ್ಲ.

ಹಾರ್ಮೋನ್ ಬೇಡವೇ ಬೇಡ ಅಂದಿದ್ದೀಯ. ಹಾಲಿಗೆ ತೊಂದರೆ ಮಾಡದ ಅಂಥ ಮಾತ್ರೆಯೂ ಇದೆ ಅನ್ನುತ್ತಾರೆ, ಆದರೆ ನಿನ್ನ ಮೈ, ನಿನ್ನ ಇಷ್ಟ. ನಾನು ಒತ್ತಾಯ ಮಾಡುವುದಿಲ್ಲ. ನಿರೋಧ್ ಇದೆ, ಇವತ್ತೇ ಶುರು ಮಾಡಬಹುದು. ನಾಚಿಕೊಳ್ಳಬೇಡ, ಇಷ್ಟು ವಯಸ್ಸಾದ ನಾನೇ ಬರೆಯುತ್ತಿದ್ದೇನೆ. ವಂಕಿ ಇದೆ, ಕಾಪರ್-ಟಿ. ಅದರಲ್ಲಿ ತಾಮ್ರ ಮಾತ್ರ, ಹಾರ್ಮೋನ್ ಇಲ್ಲ. 380ಎ ಅನ್ನುವುದು ಹತ್ತು ವರ್ಷ ಬರುತ್ತೆ, ಬೇಡ ಅಂದಾಗ ತೆಗೆಸಬಹುದು. ಹೆರಿಗೆಯಾಗಿ ಎರಡು ದಿನದೊಳಗೆ ಹಾಕುತ್ತಾರೆ, ಇಲ್ಲದಿದ್ದರೆ ಆರು ವಾರ ಕಳೆದ ಮೇಲೆ. ನಿನಗೆ ಈಗ ಆಗುತ್ತದೆ. ಮೊದಲ ಕೆಲವು ತಿಂಗಳು ಮುಟ್ಟು ಸ್ವಲ್ಪ ಜಾಸ್ತಿ ಹೋಗಬಹುದು, ಹೊಟ್ಟೆ ನೋವೂ ಇರಬಹುದು. ಆಮೇಲೆ ಛಾಯಾ ಅಂತ ಒಂದು ಮಾತ್ರೆ. ಅದರಲ್ಲೂ ಹಾರ್ಮೋನ್ ಇಲ್ಲ, ಲಕ್ನೋದಲ್ಲಿ ನಮ್ಮವರೇ ಕಂಡುಹಿಡಿದಿದ್ದು. ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಹಾಲು ಕುಡಿಸುವವರೂ ತಗೋಬಹುದು. ಆಶಾ ಕಾರ್ಯಕರ್ತೆಯರ ಹತ್ತಿರವೇ ಸಿಗುತ್ತೆ. ಯಾವುದು ನಿನಗೆ ಸರಿ ಅಂತ ಡಾಕ್ಟರೇ ಹೇಳಲಿ, ನಾನು ಹುಳು ಸಾಕಿದವಳು.

ಬಸಿರಾಗದ ದಿನಗಳನ್ನು ಎಣಿಸುವ ಲೆಕ್ಕ ಮಾತ್ರ ಈಗ ಬೇಡ. 1952ರ ಹೊತ್ತಿಗೆ ರಾಮನಗರದಲ್ಲಿ ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟು, ದಿನಕ್ಕೊಂದು ಮಣಿ ಸರಿಸಿ ಅಂತ ಕಲಿಸಿದ್ದರಂತೆ. ಆದರೆ ಎಣಿಸಲು ಒಂದು ಮುಟ್ಟಾದರೂ ಬೇಕಲ್ಲ, ಎಲ್ಲಿಂದ ಶುರು ಮಾಡುತ್ತೀಯ? ನಾಲ್ಕು ಸಲ ಮುಟ್ಟಾಗಿ ಕ್ರಮಕ್ಕೆ ಬಂದ ಮೇಲೆ ನೋಡೋಣ. "ಅವರು ಜೋಪಾನವಾಗಿರ್ತಾರೆ" ಅಂತ ಬರೆದಿದ್ದೀಯ. ಇರುತ್ತಾರೆ ಪಾಪ, ಒಳ್ಳೆ ಹುಡುಗ. ಅದನ್ನು ನಂಬಿ ಕೆಟ್ಟವರು ಈ ಬೀದಿಯಲ್ಲೇ ಇದ್ದಾರೆ. ಈ ಕಾಗದ ಅವನಿಗೂ ಓದಲು ಕೊಡು, ಇದೆಲ್ಲ ನೀನೊಬ್ಬಳೇ ಹೊರುವ ಭಾರ ಅಲ್ಲ.

ಒಂದು ಹೆರಿಗೆಯಾದ ಮೇಲೆ ಎರಡು ವರ್ಷವಾದರೂ ಕಳೆದು ಮತ್ತೆ ಬಸಿರಾಗುವುದು ತಾಯಿಗೂ ಮಕ್ಕಳಿಗೂ ಒಳ್ಳೆಯದಂತೆ. ನನ್ನವರಿಬ್ಬರ ನಡುವೆ ಒಂದೂವರೆ ವರ್ಷವೂ ಇರಲಿಲ್ಲ. ಕಂಕುಳಲ್ಲಿ ಒಂದು, ಹೊಟ್ಟೆಯಲ್ಲಿ ಒಂದು, ತಲೆ ಮೇಲೆ ಸೊಪ್ಪಿನ ಹೊರೆ. ಆ ವರ್ಷ ದೊಡ್ಡವನು ಯಾವ ತಿಂಗಳಲ್ಲಿ ನಡೆದ, ಮೊದಲು ಏನು ಮಾತಾಡಿದ, ನನಗೆ ನೆನಪೇ ಇಲ್ಲ. ನಿಮ್ಮಮ್ಮನಿಗೆ ನೆನಪಿದೆ, ಅವಳನ್ನೇ ಕೇಳುತ್ತೇನೆ.

ರಾತ್ರಿಯೆಲ್ಲ ಅದೇ ಯೋಚನೆ ಮಾಡುತ್ತಾ ಕೂರಬೇಡ. ಆಶಾ ಹತ್ತಿರ ಬಸಿರು ಪರೀಕ್ಷೆಯ ನಿಶ್ಚಯ್ ಕಿಟ್ ಕೇಳಿ ತಗೋ, ದುಡ್ಡಿಲ್ಲ. ಕೊನೆಯ ಸಲ ಸೇರಿ ಮೂರು ವಾರ ಆಗಿದ್ದರೆ ಅದು ಹೇಳಿದ್ದನ್ನು ನಂಬಬಹುದು. ಆಗಿಲ್ಲದಿದ್ದರೆ ಅಷ್ಟು ದಿನ ನಿರೋಧ್ ಬಳಸಿ, ಆಮೇಲೆ ನೋಡು. ವಂಕಿ ಹಾಕಿಸುವುದಾದರೂ ಬಸಿರಿಲ್ಲ ಅಂತ ಮೊದಲು ಗೊತ್ತಾಗಬೇಕು. ಏನೇ ಬರಲಿ ನನಗೆ ಫೋನ್ ಮಾಡು. ಕಾಗದ ಬರೆಯಬೇಡ, ಅದು ಬರುವವರೆಗೆ ಕಾಯಲು ನನ್ನಿಂದಾಗುವುದಿಲ್ಲ.

ನಿನ್ನ
ದೊಡ್ಡಮ್ಮ